ಇಪ್ಪತ್ತೆರಡು ಪೆಟ್ಟಿಗೆಗಳಿಗೆ ಹೇಳಬೇಕಾದ ಮಾತು

ಹತ್ತು ನಿಮಿಷ ಕತ್ತಲಲ್ಲಿ ಕೂತರೂ ತಟ್ಟೆ ಬೆಳಗಲಿಲ್ಲ.

ಪಾವ್ಲಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲ ಸಂದಿಗೂ ಕರಿ ಬಟ್ಟೆ ತುರುಕಿದೆ. ಹೊರಗೆ ಲ್ಯುಬ್ಲಿಯಾನಾದ ಬೀದಿಗಳ ಮೇಲೆ ಜೂನ್ ತಿಂಗಳ ಬೆಳಗಿನ ಬಿಸಿಲು ಸುರಿಯುತ್ತಿದ್ದರೂ ಒಳಗೆ ತನ್ನ ಕೈ ತನಗೆ ಕಾಣದಷ್ಟು ಕತ್ತಲು. ಮುಂದಿದ್ದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಟಾಣಿ ಕಾಳು ಹಿಡಿಯುವಷ್ಟು ಗುಳಿಗಳು ಸಾಲುಸಾಲಾಗಿದ್ದವು. ಕೊನೆಯ ಸಾಲು ಮಾತ್ರ ನೀಲಿಯಾಗಿ ಬೆಳಗುತ್ತಿತ್ತು. ಅದು ತಾಳೆ ನೋಡುವುದಕ್ಕೆಂದು ಹಾಕಿದ್ದ ಮಾರ್ಚ್ ತಿಂಗಳ ರಸ. ಉಳಿದ ಇಪ್ಪತ್ತೆರಡು ಗುಳಿಗಳಲ್ಲಿ ಅಕ್ಕನ ಇಪ್ಪತ್ತೆರಡು ಜೇನುಪೆಟ್ಟಿಗೆಗಳ ಈ ತಿಂಗಳ ರಸವಿತ್ತು. ಅಲ್ಲಿ ಏನೂ ಇಲ್ಲ.

ಒಂಬತ್ತು ವರ್ಷಗಳಿಂದ ಪಾವ್ಲಾ ಮಾಡುತ್ತಿದ್ದ ಕೆಲಸ ಇದು. ಜೇನುಹುಳದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಗಳು ಒಕ್ಕಲಿವೆ. ಹುಳ ತಿಂದ ಪರಾಗವನ್ನು ಅರಗಿಸುವವು ಅವೇ, ಎಷ್ಟೋ ರೋಗಗಳನ್ನು ಬಾಗಿಲಲ್ಲೇ ತಡೆಯುವವೂ ಅವೇ. ಅವಕ್ಕೆ ಬಾಯಿಲ್ಲ. ಒಂದೊಂದೂ ತನ್ನ ಪಾಲಿನ ಚೂರು ರಾಸಾಯನಿಕವನ್ನು ಸುತ್ತ ಬಿಡುತ್ತದೆ. ಅದು ಸಾಕಷ್ಟು ಕೂಡಿಕೊಂಡಾಗ, ನಾವು ಬಹಳ ಮಂದಿ ಇದ್ದೇವೆ ಎಂಬುದು ಎಲ್ಲವಕ್ಕೂ ತಿಳಿದು ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಮಂದಿ ಕಡಿಮೆಯಾದರೆ ಮಾತೂ ಇಲ್ಲ, ಕೆಲಸವೂ ಇಲ್ಲ. ಆ ಮಾತು ತಾಗಿದರೆ ಬೆಳಗುವ ಒಂದು ಜಾತಿಯ ಸಮುದ್ರದ ಬ್ಯಾಕ್ಟೀರಿಯವನ್ನು ಪಾವ್ಲಾ ಗುಳಿಗಳಲ್ಲಿ ಸಾಕಿದ್ದಳು. ಹುಳದ ಹೊಟ್ಟೆ ಅರೆದು, ಸೋಸಿ, ಒಂದು ಹನಿ ಹಾಕಬೇಕು. ಅಲ್ಲಿ ಮಾತಿದ್ದರೆ ಇಲ್ಲಿ ಬೆಳಕು.

ಮೊದಲ ವರ್ಷ ಇದನ್ನೆಲ್ಲ ಅಕ್ಕ ಟಿಲ್ಕಾಗೆ ವಿವರಿಸಿದಾಗ ಅವಳು ಹೊಗೆಡಬ್ಬಿ ಕೆಳಗಿಟ್ಟು ನಕ್ಕಿದ್ದಳು. "ಅಷ್ಟೇನಾ? ಭಾನುವಾರ ಚರ್ಚ್ ಮುಂದೆ ನಿಲ್ತಾರಲ್ಲ ನಮ್ಮೂರ ಗಂಡಸರು, ಹಾಗೆ ಅನ್ನು. ಇಬ್ಬರಿದ್ರೆ ಹವಾ ಹೇಗಿದೆ ಅಂತಾರೆ. ಇಪ್ಪತ್ತು ಜನ ಸೇರಿದ್ರೆ ಸರ್ಕಾರ ಬೀಳಿಸ್ತಾರೆ." ಅಲ್ಲಿಂದ ಮುಂದೆ ಪ್ರತಿ ಫೋನಿನಲ್ಲೂ ಅವಳ ಮೊದಲ ಪ್ರಶ್ನೆ ಒಂದೇ: "ಏನಂತಾರೇ ನಿನ್ನ ಗಂಡಸರು?"

ಪಾವ್ಲಾ ದೀಪ ಹಾಕಿ, ತಟ್ಟೆ ಹಿಡಿದು ಹೊರಗಿನ ಪ್ರಯೋಗಾಲಯಕ್ಕೆ ಬಂದಳು. ಸಮುದ್ರದ ಬ್ಯಾಕ್ಟೀರಿಯ ಸತ್ತಿರಬಹುದೇ ಎಂದುಕೊಳ್ಳಲು ದಾರಿಯಿಲ್ಲ, ಕೊನೆಯ ಸಾಲು ಬೆಳಗಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ಝ್ದೆಂಕಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಅವಳ ಮುಖ ನೋಡಿದಳು.

"ಯಾಕೆ, ಯಾರಾದ್ರೂ ಬೈದ್ರಾ?"

"ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಕತ್ತಲು ಕಣೇ."

ಝ್ದೆಂಕಾ ಎದ್ದು ಬಂದು ತಟ್ಟೆ ನೋಡಿದಳು, ಹಾಳೆ ನೋಡಿದಳು. "ಒಂದೆರಡು ಪೆಟ್ಟಿಗೆ ಆದ್ರೆ ಕಾಯಿಲೆ ಅನ್ನಬಹುದು. ಎಲ್ಲಾ ಒಟ್ಟಿಗೆ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಇಬ್ಬರಿಗೂ ಗೊತ್ತಿದ್ದ ಮಾತದು. ಒಂದು ಜೇನುಮನೆಯ ಅಷ್ಟೂ ಹುಳಗಳ ಹೊಟ್ಟೆ ಒಟ್ಟಿಗೆ ಬರಿದಾಗಬೇಕಾದರೆ ಯಾರೋ ಆ್ಯಂಟಿಬಯೋಟಿಕ್ ಉಣ್ಣಿಸಿರಬೇಕು. ಈ ದೇಶದಲ್ಲಿ ಜೇನಿಗೆ ಅದನ್ನು ಕೊಡುವಂತಿಲ್ಲ. ಕದ್ದು ಕೊಡುವವರು ಕೊಡುವುದೂ ಒಂದೇ ಕಾಯಿಲೆಗೆ.

ಪಾವ್ಲಾಳ ಕಣ್ಣು ಕಪಾಟಿನ ಮೇಲಿನ ಇಪ್ಪತ್ತೆರಡು ಪುಟ್ಟ ಡಬ್ಬಿಗಳ ಮೇಲೆ ಬಿತ್ತು. ಮೂರು ತಿಂಗಳಿಗೊಮ್ಮೆ ಹುಳ ಹಿಡಿಯಲು ಪ್ರತಿ ಸಲ ಅವಳೇ ಹೋಗುತ್ತಿದ್ದಳು. ಈ ಸಲ ಭಾವ ಸಿರಿಲ್ ಫೋನ್ ಮಾಡಿ, "ನೀನ್ಯಾಕೆ ಅಷ್ಟು ದೂರ ಬರ್ತೀಯ, ನಾನೇ ಹಿಡಿದು ಬಸ್ಸಲ್ಲಿ ಕಳಿಸ್ತೀನಿ" ಎಂದಿದ್ದ. ಸಿರಿಲ್ ಬಡಗಿ. ಹುಳಗಳನ್ನು ಕಳಿಸಲು ಲಿಂಡನ್ ಮರದಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿಗಳನ್ನು ಮಾಡಿ, ಮುಚ್ಚಳಕ್ಕೆ ಜಾಲರಿ ಕೂರಿಸಿ, ಒಂದೊಂದರ ಮೇಲೂ ಪೆಟ್ಟಿಗೆಯ ಸಂಖ್ಯೆ ಬರೆದಿದ್ದ. ಅಷ್ಟು ಅಚ್ಚುಕಟ್ಟಾದ ಡಬ್ಬಿ ನೋಡಿ ಪಾವ್ಲಾ ಹೋದ ವಾರ ಕಣ್ಣೀರು ಹಾಕಿದ್ದಳು. ಈಗ ಅದೇ ಡಬ್ಬಿಗಳಿಗೆ ಬೆನ್ನು ಹಾಕಿ ಬಸ್ಸಿನ ವೇಳೆ ನೋಡಿದಳು.

ಮರುದಿನ ಶನಿವಾರ. ಮೊದಲ ಬಸ್ಸಿಗೇ ಅವಳು ಅಕ್ಕನ ಊರು ಪೊದ್ಲಿಪ್ಯೆಗೆ ಹೊರಟಳು.

* * *

ಸಿರಿಲ್ ಅಂಗಳದಲ್ಲಿ ಕುರ್ಚಿಯೊಂದರ ಮುರಿದ ಕಾಲಿಗೆ ಅಂಟು ಹಚ್ಚುತ್ತಿದ್ದ. ಬೂದು ಮೀಸೆಯಲ್ಲಿ ಮರದ ಪುಡಿ. ಅವಳನ್ನು ಕಂಡು ಅವನ ಮುಖ ಅರಳಿತು, ಆಮೇಲೆ ಏನೋ ನೆನಪಾದಂತೆ ಮುಚ್ಚಿಕೊಂಡಿತು.

"ಬಂದ್ರಪ್ಪಾ ಹೊಟ್ಟೆ ಡಾಕ್ಟರು! ಹೇಳ್ದೆ ಕೇಳ್ದೆ? ಮನೇಲಿ ಹುಳಿ ಹಾಲು ಬಿಟ್ರೆ ಏನಿಲ್ಲ ಮಾರಾಯ್ತಿ. ನಿಮ್ಮಕ್ಕ ಇಲ್ವಲ್ಲ, ಅಕ್ರೋಟಿನ ಸಿಹಿ ರೊಟ್ಟಿ ಪೊತಿತ್ಸಾ ಮಾಡೋರ್ಯಾರು."

ಅಕ್ಕ ಇಲ್ಲ ಎನ್ನುವಾಗ ಅವನು ಪೇಟೆಗೆ ಹೋದವರ ವಿಷಯ ಹೇಳುವ ಹಾಗೆ ಹೇಳುತ್ತಿದ್ದ. ಮಾರ್ಚ್ ಮೊದಲ ವಾರ ಟಿಲ್ಕಾ ಅಡಿಗೆಮನೆಯಲ್ಲಿ ಅಕ್ರೋಟು ಕುಟ್ಟುತ್ತಿದ್ದವಳು ತಲೆ ನೋವು ಎಂದು ಕೂತಳು, ಮತ್ತೆ ಏಳಲಿಲ್ಲ. ಆಗಿನಿಂದ ಈ ಮೂರು ತಿಂಗಳಲ್ಲಿ ಸಿರಿಲ್‌ನ ಬಾಯಲ್ಲಿ ತೀರಿಕೊಂಡಳು ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಅಂಗಡಿಯವಳು ಟಿಲ್ಕಾಳ ಜೇನಿದೆಯೇ ಎಂದು ಕೇಳಿದರೆ, "ಅವಳು ಮನೇಲಿಲ್ಲ" ಎನ್ನುತ್ತಿದ್ದನಂತೆ. ಅವಳ ಮುಖಪರದೆಯ ಟೋಪಿ ಬಾಗಿಲ ಹಿಂದಿನ ಗೂಟದಲ್ಲೇ ಇತ್ತು, ಅದರ ಕೆಳಗೆ ಅವಳ ಬೂಟು.

"ಭಾವ, ಜೇನುಮನೆಗೆ ಹೋಗೋಣ ನಡೀರಿ."

"ಈಗ್ಯಾಕೆ? ಕೂತ್ಕೊ, ಟೀ ಕಾಯಿಸ್ತೀನಿ."

"ಟೀ ಆಮೇಲೆ."

ಮನೆಯ ಹಿಂದೆ ಸೇಬಿನ ಮರಗಳಾಚೆ ಜೇನುಮನೆ. ಮರದ ಪುಟ್ಟ ಕೊಟ್ಟಿಗೆ. ದಕ್ಷಿಣಕ್ಕೆ ಮುಖ ಮಾಡಿ ಮೇಲೆ ಹನ್ನೊಂದು, ಕೆಳಗೆ ಹನ್ನೊಂದು ಪೆಟ್ಟಿಗೆಗಳು ಗೋಡೆಯ ಹಾಗೆ ಒತ್ತಾಗಿ ಕೂತಿವೆ. ಪೆಟ್ಟಿಗೆ ಮಾಡಿದವನು ಸಿರಿಲ್, ಹುಳಗಳಿಗೆ ತಂತಮ್ಮ ಮನೆ ಗುರುತು ಸಿಗಲೆಂದು ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಬಣ್ಣ ಬಳಿದವಳು ಟಿಲ್ಕಾ. ಲಿಂಡನ್ ಹೂ ಬಿಟ್ಟಿತ್ತು. ಹುಳಗಳು ಎಂದಿನಂತೆ ಹೋಗಿ ಬರುತ್ತಿದ್ದವು. ಏನೂ ಆಗಿಲ್ಲ ಎನ್ನುವ ಹಾಗಿತ್ತು.

ಪಾವ್ಲಾ ಒಳಗೆ ಹೋಗಿ ಕೆಳಗಿನ ಸಾಲಿನ ಏಳನೆಯ ಪೆಟ್ಟಿಗೆಯ ಹಿಂಬಾಗಿಲು ತೆಗೆದು ಒಂದು ಚೌಕಟ್ಟು ಹೊರಗೆಳೆದಳು. ಮರಿಗಳಿರುವ ಮೇಣದ ಎರಿ ಅಲ್ಲಲ್ಲಿ ಖಾಲಿ. ಮುಚ್ಚಿದ ಕೋಣೆಗಳ ಮೇಣ ಕೆಲವು ಕಡೆ ಕುಸಿದು ಕಪ್ಪಾಗಿತ್ತು. ಅವಳು ಜೇಬಿನಿಂದ ಬೆಂಕಿಕಡ್ಡಿ ತೆಗೆದು ಅಂಥ ಒಂದು ಕೋಣೆಗೆ ಚುಚ್ಚಿ ಮೆಲ್ಲಗೆ ಎಳೆದಳು. ಕಡ್ಡಿಯ ತುದಿಗೆ ಕಂದು ಅಂಟು ದಾರದ ಹಾಗೆ ಎರಡು ಅಂಗುಲ ಬಂದು ಕಡಿಯಿತು. ಮರಿ ಕೊಳೆಯುವ ರೋಗ. ಅದು ಹೊಕ್ಕ ಪೆಟ್ಟಿಗೆಯನ್ನು ಸುಡಬೇಕು, ಬೇರೆ ದಾರಿಯಿಲ್ಲ.

ಸಿರಿಲ್ ಬಾಗಿಲಲ್ಲೇ ನಿಂತಿದ್ದ.

"ಯಾವಾಗಿಂದ ಭಾವ?"

"ಏನು ಯಾವಾಗಿಂದ?"

"ಸುಮ್ನೆ ಇರಿ. ಏನ್ ಕೊಟ್ರಿ ಇವಕ್ಕೆ? ನಿಮ್ಮ ಹುಳದ ಹೊಟ್ಟೇಲಿ ಏನೂ ಉಳಿದಿಲ್ಲ. ಒಂದಲ್ಲ, ಇಪ್ಪತ್ತೆರಡರಲ್ಲೂ."

ಅವನು ಕೈಯಲ್ಲಿದ್ದ ಅಂಟಿನ ಕುಂಚವನ್ನು ನೋಡಿಕೊಂಡ. "ಹೊಟ್ಟೇಲಿ ಗೊತ್ತಾಗುತ್ತಾ ಅದು?" ಎಂದ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದ. "ಹುಳ ಚೆನ್ನಾಗಿ ಹಾರಾಡ್ತಿವೆ, ಹಿಡಿದು ಕಳಿಸಿದ್ರೆ ನೀನು ಖುಷಿ ಪಡ್ತೀಯ, ಎರಿ ನೋಡೋಕೆ ಬರಲ್ಲ ಅಂದ್ಕೊಂಡೆ."

ಆಮೇಲೆ ಅವನು ಅಲ್ಲೇ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಹೇಳಿದ. ಮೇ ಮೊದಲಲ್ಲಿ ಜೇನುಮನೆಗೆ ಬಂದಾಗೆಲ್ಲ ಅಂಟಿನ ವಾಸನೆ ಹೊಡೆಯುತ್ತಿತ್ತು. ಬಡಗಿಗೆ ಅಂಟಿನ ವಾಸನೆ ಹೊಸದೇ? ನಲವತ್ತು ವರ್ಷ ಮೂಳೆ ಅಂಟು ಕಾಯಿಸಿದ ಕೈ. ತನ್ನ ಕೈಯದೇ ವಾಸನೆ ಎಂದುಕೊಂಡ. ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಬಂದ, ಆಗಲೂ ಇತ್ತು. ಬಟ್ಟೆಯದಿರಬೇಕು ಎಂದುಕೊಂಡ. ಹೀಗೆ ಮೂರು ವಾರ. ಕೊನೆಗೊಂದು ದಿನ ಟಿಲ್ಕಾಳ ನೋಟ್‌ಬುಕ್ ತಿರುವಿದಾಗ ಅವಳ ಕೈಬರಹದಲ್ಲಿ ಸಿಕ್ಕಿತು: 'ಬಡಗಿಯ ಅಂಟಿನ ವಾಸನೆ ಬಂದರೆ ಬೆಂಕಿಕಡ್ಡಿ ಚುಚ್ಚಿ ನೋಡು.'

"ಚುಚ್ಚಿದೆ. ದಾರ ಬಂತು. ಎರಡೇ ಪೆಟ್ಟಿಗೆ ಆಗ, ಏಳು ಮತ್ತೆ ಎಂಟು." ಅವನು ಕುಂಚದ ಕೂದಲನ್ನು ಒಂದೊಂದಾಗಿ ನೇವರಿಸಿದ. "ಗಡಿಯಾಚೆ ಒಬ್ಬನ ಹತ್ರ ಹಳದಿ ಪುಡಿ ಸಿಗುತ್ತೆ ಅಂದ್ರು. ತಂದೆ. ಸಕ್ಕರೆ ಪಾಕದಲ್ಲಿ ಕಲಸಿ ಎಲ್ಲಕ್ಕೂ ಇಟ್ಟೆ. ಚೆನ್ನಾಗಾದ್ವು ಪಾವ್ಲಾ. ದೇವರಾಣೆ ಚೆನ್ನಾಗಾದ್ವು."

"ಚೆನ್ನಾಗಾಗಿಲ್ಲ ಭಾವ, ಕಾಯಿಲೆ ಮುಖ ಮುಚ್ಕೊಂಡು ಕೂತಿದೆ ಅಷ್ಟೆ. ಪುಡಿ ನಿಲ್ಸಿದ ಕೂಡ್ಲೆ ಎದ್ದು ಬರುತ್ತೆ. ಬಂದಿದೆ, ನೋಡಿ." ಅವಳು ಕಡ್ಡಿಯನ್ನು ಅವನ ಮುಂದೆ ಹಿಡಿದಳು. "ನಿಮ್ಮ ಹುಳ ದಾರಿ ತಪ್ಪಿ ಮಾತೆವ್ಜ್ ಪೆಟ್ಟಿಗೆಗೆ ಹೋಗಲ್ವಾ? ಅವನ ಹುಳ ಇಲ್ಲಿ ಕದಿಯೋಕೆ ಬರಲ್ವಾ? ಆ ಮುದುಕನ ಹನ್ನೆರಡು ಪೆಟ್ಟಿಗೆ ಇರೋದು ಈ ಗುಡ್ಡದ ಆಚೆ. ಇಷ್ಟೊತ್ತಿಗೆ ಅಲ್ಲಿಗೂ ಹೋಗಿರಬಹುದು."

"ಮಾತೆವ್ಜ್‌ಗೆ ಹೇಳ್ಬೇಡ."

"ಇನ್ಸ್‌ಪೆಕ್ಟರಿಗೆ ಹೇಳ್ಬೇಕು."

ಸಿರಿಲ್ ತಟಕ್ಕನೆ ಎದ್ದ. ಬಕೆಟ್ಟು ಉರುಳಿತು. "ಸುಡ್ತಾರೆ ಕಣೇ! ನಿನಗೊತ್ತಿಲ್ವಾ? ಒಂದೂ ಬಿಡದೆ ಸುಡ್ತಾರೆ. ಅವಳ ಕೈಯಿಂದ ಬಂದ ರಾಣಿಗಳು ಇವು, ಒಂದೊಂದರ ತಾಯಿ, ಅಜ್ಜಿ ಎಲ್ಲಾ ಅವಳ ಪುಸ್ತಕದಲ್ಲಿ ಬರೆದಿದೆ. ನನಗೆ ಈ ಹುಳಗಳ ಗಂಧಗಾಳಿ ಇರ್ಲಿಲ್ಲ ನೋಡು. ಪೆಟ್ಟಿಗೆ ಮಾಡ್ಕೊಡೋದಷ್ಟೇ ನನ್ನ ಕೆಲಸ. ಆದ್ರೂ ಅವು ನನ್ನ ಬಿಟ್ಟು ಹೋಗ್ಲಿಲ್ಲ. ನೀನು ಅವತ್ತು ಅವಕ್ಕೆಲ್ಲ ಹೇಳಿದ್ದೀಯ. ಕೇಳಿಸ್ಕೊಂಡು, ಒಪ್ಕೊಂಡು, ನನ್ನ ಜೊತೇನೇ ಉಳಿದ್ವು. ನಂಬಿ ಉಳಿದವನ್ನ ನಾನು ಹ್ಯಾಗೆ ಬೆಂಕಿಗೆ ಕೊಡ್ಲಿ?"

ಪಾವ್ಲಾ ಮುಷ್ಟಿ ಬಿಗಿದಳು. ಅವಳ ಕೈಯಲ್ಲಿದ್ದ ಕಡ್ಡಿ ಮುರಿಯಿತು.

ಆ ಸೀಮೆಯ ಪದ್ಧತಿ ಅದು. ಜೇನು ಸಾಕಿದವರು ತೀರಿಕೊಂಡರೆ ಮನೆಯವರೊಬ್ಬರು ಹೋಗಿ ಒಂದೊಂದು ಪೆಟ್ಟಿಗೆಯನ್ನೂ ಬೆರಳಿನಿಂದ ತಟ್ಟಿ ಹೇಳಬೇಕು: ನಿಮ್ಮ ಯಜಮಾನರು ತೀರಿಕೊಂಡರು, ನಮ್ಮನ್ನು ಬಿಟ್ಟು ಹೋಗಬೇಡಿ. ಹೇಳದಿದ್ದರೆ ಹುಳಗಳು ಮುನಿಸಿಕೊಂಡು ಹೋಗುತ್ತವೆ, ಇಲ್ಲವೇ ಯಜಮಾನರ ಹಿಂದೆಯೇ ಸಾಯುತ್ತವೆ. ಟಿಲ್ಕಾಳ ಮಣ್ಣಿನ ದಿನ ಸಿರಿಲ್ ಪಾವ್ಲಾಳ ತೋಳು ಹಿಡಿದು, "ನೀನು ಹೋಗಿ ಹೇಳು. ನನ್ನ ಬಾಯಲ್ಲಿ ಬರಲ್ಲ" ಎಂದಿದ್ದ.

ಅವಳು ಹೋಗಿದ್ದಳು. ಬಿಸಿಲು ಚೆನ್ನಾಗಿತ್ತು, ವಿಲೋ ಮರ ಹೂಬಿಟ್ಟು ಹುಳಗಳು ಆ ವರ್ಷದ ಮೊದಲ ಪರಾಗ ತರುತ್ತಿದ್ದವು. ಮೊದಲ ಪೆಟ್ಟಿಗೆಯ ಮುಂದೆ ನಿಂತು ಕೈಯೆತ್ತಿದಳು. ತಟ್ಟದೆ ಇಳಿಸಿದಳು. ಕೋಟಿನ ಜೇಬಿಗೆ ಕೈ ಹಾಕಿದರೆ ಹುಳ ಹಿಡಿಯುವ ಕೊಳವೆಗಳ ಪೊಟ್ಟಣ ಸಿಕ್ಕಿತು. ಮಾರ್ಚ್ ತಿಂಗಳ ಹುಳ ಹಿಡಿಯುವುದು ಆ ವಾರವೇ ಇತ್ತು. ಕೋಟು ತೊಡುವಾಗ ಜೇಬಲ್ಲಿದ್ದದ್ದು ಗಮನಕ್ಕೆ ಬಂದಿರಲಿಲ್ಲ. ಹೇಳುವ ಮಾತು ಬರಲಿಲ್ಲ, ಮಾಡಿ ಗೊತ್ತಿದ್ದ ಕೆಲಸಕ್ಕೆ ಕೈ ತಾನಾಗಿ ಹೋಯಿತು. ಇಪ್ಪತ್ತೆರಡು ಕೊಳವೆ ತುಂಬಿಸಿ, ಸಂಖ್ಯೆ ಬರೆದು, ಕರಿ ಕೋಟಿನ ಜೇಬಿಗಿಳಿಸಿ ವಾಪಸಾದಳು. "ಹೇಳಿದ್ಯಾ?" ಎಂದು ಸಿರಿಲ್ ಕೇಳಿದ. "ಹೇಳ್ದೆ" ಎಂದಳು. ಕತ್ತಲ ಕೋಣೆಯಲ್ಲಿ ನಿನ್ನೆ ನೀಲಿಯಾಗಿ ಬೆಳಗಿದ ಸಾಲು ಆ ಕೊಳವೆಗಳದೇ.

ಇದನ್ನು ಈಗ ಹೇಳಬೇಕಿತ್ತು. ಆದರೆ ಸುಡುವ ಮಾತನ್ನೇ ಹೊರಲಾರದವನ ಮೇಲೆ ಇದನ್ನೂ ಹೇರುವುದೇ ಎಂದು ತನಗೆ ತಾನೇ ಸಬೂಬು ಹೇಳಿಕೊಂಡಳು. ಹೇಡಿತನಕ್ಕೆ ಕನಿಕರದ ಅಂಗಿ ತೊಡಿಸುವುದು ಓದಿದವರಿಗೆ ಕಷ್ಟವಲ್ಲ.

"ಭಾವ," ಎಂದಳು, "ನೀವು ಫೋನ್ ಮಾಡ್ತೀರೋ, ನಾನು ಮಾಡ್ಲೋ?"

ಸಿರಿಲ್ ಉರುಳಿದ ಬಕೆಟ್ಟನ್ನು ನೆಟ್ಟಗೆ ಮಾಡಿದ. ಮತ್ತೆ ಅದರ ಮೇಲೆ ಕೂತು, "ಅವಳಿದ್ದಿದ್ರೆ ಏನ್ ಮಾಡ್ತಿದ್ಲು?" ಎಂದು ಕೇಳಿದ.

"ಎರಡನೇ ದಿನಾನೇ ಫೋನ್ ಮಾಡಿ, ಇನ್ಸ್‌ಪೆಕ್ಟರಿಗೆ ತಿಂಡಿ ಮಾಡಿಟ್ಟು ಕಾಯ್ತಿದ್ಲು."

ಅವನಿಗೆ ನಗು ಬಂತು, ನಗುತ್ತಲೇ ಮುಖ ಕಿವುಚಿಕೊಂಡ. "ಹಾಗಾದ್ರೆ ನೀನೇ ಮಾಡು. ನನಗೆ ನಾಲಿಗೆ ಏಳಲ್ಲ."

ಈ ಸಲ ಪಾವ್ಲಾ ಹೇಳಿದಳು. ಸೇಬಿನ ಮರದಡಿ ನಿಂತು, ಫೋನಿನಲ್ಲಿ, ಸ್ಪಷ್ಟವಾಗಿ, ಮನೆಯ ಹೆಸರು ಸಮೇತ.

* * *

ಇನ್ಸ್‌ಪೆಕ್ಟರ್ ಹೆಡ್ವಿಕಾ ಸೋಮವಾರ ಬಂದು ನೋಡಿದಳು, ಎರಿಯ ತುಂಡುಗಳನ್ನು ಪರೀಕ್ಷೆಗೆ ಒಯ್ದಳು, ಗುರುವಾರ ಕಾಗದ ಕಳಿಸಿದಳು. ಪುಡಿ ತಿನ್ನಿಸಿದ್ದರಿಂದ ಯಾವುದು ಗಟ್ಟಿ, ಯಾವುದು ಕೊಳೆತದ್ದು ಎಂದು ವಿಂಗಡಿಸುವಂತಿಲ್ಲ, ಇಪ್ಪತ್ತೆರಡೂ ಹೋಗಬೇಕು. ಮಾತೆವ್ಜ್‌ನ ಪೆಟ್ಟಿಗೆಗಳನ್ನೂ ನೋಡಿದ್ದಳು. ಅಲ್ಲಿ ಒಂದಕ್ಕೆ ತಗುಲಿತ್ತು. ಆ ಮುದುಕ ಸಿರಿಲ್‌ನ ಮನೆಯ ಮುಂದೆ ಬಂದು ನಿಂತು, ಬಯ್ಯಬೇಕೆಂದು ಬಂದವನು ಬಯ್ಯಲಾಗದೆ, ಬೇಲಿಗೆ ಒಂದು ಸಲ ಕೋಲಿನಿಂದ ಹೊಡೆದು ಹೋದನಂತೆ.

ಶುಕ್ರವಾರ ಸಂಜೆ ಪಾವ್ಲಾ ಬಂದಾಗ ಸಿರಿಲ್ ಆಗಲೇ ಗುಂಡಿ ತೋಡಿ ಮುಗಿಸಿದ್ದ. ಮೂಲೆ ಮೂಲೆಗೆ ದಾರ ಕಟ್ಟಿ, ಅಳತೆ ಹಿಡಿದು, ಬದಿಗಳನ್ನು ನುಣ್ಣಗೆ ಕೆತ್ತಿದ್ದ. ಬೆಂಕಿಗೆ ಅಷ್ಟು ಅಂದದ ಗುಂಡಿಯನ್ನು ಅವಳು ನೋಡಿರಲಿಲ್ಲ.

ಹೆಡ್ವಿಕಾ ದಪ್ಪಗಿನ ಹೆಂಗಸು, ಮಾತು ನೇರ. ಸಹಾಯಕನೊಬ್ಬ ವ್ಯಾನಿನಿಂದ ಹುಳಗಳನ್ನು ಹೊಗೆಯಲ್ಲಿ ಕೊಲ್ಲುವ ಗಂಧಕದ ಪಟ್ಟಿಗಳನ್ನು ಇಳಿಸುತ್ತಿದ್ದ. ಹುಳಗಳೆಲ್ಲ ಗೂಡು ಸೇರಲಿ ಎಂದು ಎಲ್ಲರೂ ಹೊತ್ತು ಇಳಿಯುವುದನ್ನೇ ಕಾಯುತ್ತಿದ್ದರು.

"ಎರಡರಲ್ಲಿ ಇದ್ದಾಗ್ಲೇ ಹೇಳಿದ್ರೆ ಎರಡೇ ಹೋಗ್ತಿತ್ತು ಯಜಮಾನ್ರೆ," ಎಂದಳು ಹೆಡ್ವಿಕಾ. ಚುಚ್ಚಬೇಕೆಂದು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತೇನೋ. ಸಿರಿಲ್ ತಲೆಯಾಡಿಸಿದ. ಬೆಳಗ್ಗೆ ಕ್ಷೌರ ಮಾಡಿಕೊಂಡು, ಮಣ್ಣಿನ ದಿನ ತೊಟ್ಟಿದ್ದ ಬಿಳಿ ಅಂಗಿ ತೊಟ್ಟಿದ್ದ.

ಹೆಡ್ವಿಕಾ ಹುಳಗಳ ಬಾಗಿಲು ಮುಚ್ಚಲು ಸ್ಪಂಜಿನ ಪಟ್ಟಿಗಳನ್ನು ಕೈಗೆತ್ತಿಕೊಂಡಳು. ಪಾವ್ಲಾ ಆ ಪಟ್ಟಿಗಳನ್ನೇ ನೋಡಿದಳು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಸಾಕು, ಆ ಸುಳ್ಳು ಹುಳಗಳ ಜೊತೆಗೇ ಸುಟ್ಟುಹೋಗುತ್ತದೆ, ಕೇಳುವವರಿರುವುದಿಲ್ಲ. ಅದು ಗೊತ್ತಾದ ಕ್ಷಣವೇ ಅವಳಿಗೆ ತಡೆಯಲಾಗಲಿಲ್ಲ.

"ಭಾವ, ನಾನು ಅವಕ್ಕೆ ಹೇಳಿರ್ಲಿಲ್ಲ."

"ಏನು?"

"ಅಕ್ಕನ ವಿಷಯ. ಅವತ್ತು. ಹೋಗಿದ್ದೆ, ಹೇಳೋಕಾಗ್ಲಿಲ್ಲ. ಹುಳ ಹಿಡ್ಕೊಂಡು ಬಂದ್ಬಿಟ್ಟೆ. ನಿಮ್ಮ ಹತ್ರ ಹೇಳ್ದೆ ಅಂತ ಸುಳ್ಳು ಹೇಳ್ದೆ."

ಸಿರಿಲ್ ಅವಳನ್ನು ನೋಡಿದ. ಒಂದು ಕೈಯನ್ನು ಗಾಳಿಯಲ್ಲಿ ಏನನ್ನೋ ಹುಡುಕುವ ಹಾಗೆ ಚಾಚಿದ. ಪಾವ್ಲಾ ಹಿಡಿಯಲು ಹೋದಾಗ ಹಿಂದಕ್ಕೆಳೆದುಕೊಂಡ.

"ಮೂರು ತಿಂಗಳು," ಎಂದ ಕೊನೆಗೆ. "ಮೂರು ತಿಂಗಳು ಅವು ಅವಳಿಗೋಸ್ಕರ ಕಾದವು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ."

ಅವನು ಹೇಳುತ್ತಿದ್ದುದು ಹುಳಗಳ ವಿಷಯ ಮಾತ್ರ ಅಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಾಯಿತು. ಸಹಾಯಕ ವ್ಯಾನಿನ ಕಡೆಗೆ ತಿರುಗಿ ನಿಂತ.

ಸಿರಿಲ್ ಹೆಡ್ವಿಕಾಳ ಬಳಿ ಹೋಗಿ, "ಅಮ್ಮಾ, ಒಂದು ಕಾಲು ಗಂಟೆ ಕೊಡಿ" ಎಂದ.

ಸರ್ಕಾರಿ ಹೆಂಗಸು ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಕತ್ತಲಾಗೋಕೆ ಇನ್ನೂ ಇದೆ, ಹೋಗಿ ಬನ್ನಿ," ಎಂದು ಸ್ಪಂಜಿನ ಪಟ್ಟಿಗಳನ್ನು ಹುಲ್ಲಿನ ಮೇಲಿಟ್ಟು ತಲೆಯ ಟೋಪಿ ತೆಗೆದಳು.

ಅವನು ಜೇನುಮನೆಯ ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಏನ್ ನೋಡ್ತಾ ನಿಂತೆ? ಕೆಳಗಿನ ಸಾಲಿಗೆ ನನ್ನ ಮಂಡಿ ಬಗ್ಗಲ್ಲ. ಅದು ನಿಂದು. ಬಾ."

ಒಳಗೆ ಮೇಣದ, ಜೇನಿನ, ಅದರಡಿಯಲ್ಲಿ ಅಂಟಿನ ವಾಸನೆ. ಸಿರಿಲ್ ಮೇಲಿನ ಸಾಲಿನ ಮೊದಲ ಪೆಟ್ಟಿಗೆಯ ಮುಂದೆ ನಿಂತು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ಮರದ ಹಿಂದಿನಿಂದ ಹುಳಗಳು ಒಮ್ಮೆ ಜುಂ ಎಂದು ಸುಮ್ಮನಾದವು. ಅವನು ಬಾಯಿ ತೆರೆದ. ಮತ್ತೆ ತಟ್ಟಿದ.

"ನಿಮ್ಮ ಯಜಮಾನಿ," ಎಂದ. "ಟಿಲ್ಕಾ. ತೀರ್ಕೊಂಡ್ಲು."

ಅಷ್ಟು ಹೇಳಿ ಪೆಟ್ಟಿಗೆಗೆ ಹಣೆ ಆನಿಸಿ ನಿಂತ. ಮುಂದಿನ ಮಾತು ಬಿಟ್ಟು ಹೋಗಬೇಡಿ ಎಂಬುದು. ಹೊರಗೆ ಗಂಧಕ ಇಟ್ಟುಕೊಂಡು ಅದನ್ನು ಹೇಗೆ ಹೇಳುವುದು? ಅವನು ಹಣೆ ಎತ್ತಿ, "ನೀವೂ ಹೊರಡಿ" ಎಂದ. ಎರಡನೆಯದಕ್ಕೆ ಸರಿದ.

ಪಾವ್ಲಾ ಕೆಳಗೆ ಮಂಡಿಯೂರಿದಳು. ತಟ್ಟಿದಳು, ಒಳಗಿಂದ ಜುಂ ಎಂದು ಬಂತು. ಒಂಬತ್ತು ವರ್ಷ ಅವಳು ಈ ಹುಳಗಳ ಹೊಟ್ಟೆಯೊಳಗಿನ ಮಾತನ್ನು ಅಳೆದಿದ್ದಳು, ಅವುಗಳ ಜೊತೆ ಒಂದು ಮಾತೂ ಆಡಿರಲಿಲ್ಲ. "ನಮ್ಮಕ್ಕ ತೀರ್ಕೊಂಡ್ಲು" ಎಂದಳು. ಮೂರನೆಯ ಪೆಟ್ಟಿಗೆಯ ಹೊತ್ತಿಗೆ ಅಳು ಬಂತು, ತಡೆಯಲಿಲ್ಲ. ಮೇಲಿನಿಂದ ಭಾವನ ದನಿ, ಕೆಳಗಿನಿಂದ ಅವಳ ದನಿ, ನಡುವೆ ಹುಳಗಳ ಸದ್ದು. ಒಂದೊಂದು ಪೆಟ್ಟಿಗೆಗೂ ಅವನ ದನಿ ಗಟ್ಟಿಯಾಗುತ್ತ ಹೋಯಿತು. ಹನ್ನೊಂದನೆಯದಕ್ಕೆ ಬರುವಾಗ ಅವನು ಅದನ್ನು ನೆರೆಮನೆಯವರಿಗೆ ಹೇಳುವ ಹಾಗೆ ಹೇಳಿದ: "ಟಿಲ್ಕಾ ತೀರ್ಕೊಂಡ್ಲು. ಮಾರ್ಚ್‌ನಲ್ಲೇ ತೀರ್ಕೊಂಡ್ಲು."

ಆಮೇಲೆ ನಡೆದದ್ದು ಬೇಗ ನಡೆಯಿತು. ಬಾಗಿಲುಗಳನ್ನು ಮುಚ್ಚಿದರು, ಗಂಧಕ ಹೊತ್ತಿಸಿದರು. ಒಳಗಿನ ಸದ್ದು ಒಮ್ಮೆ ಮಳೆಯ ಹಾಗೆ ಏರಿ, ಇಳಿದು, ನಿಂತಿತು. ಸಿರಿಲ್ ತಾನೇ ಮಾಡಿದ ಪೆಟ್ಟಿಗೆಗಳನ್ನು ತಾನೇ ಹೊತ್ತು ತಂದು ಗುಂಡಿಗಿಳಿಸಿದ, ಯಾರಿಗೂ ಮುಟ್ಟಲು ಬಿಡಲಿಲ್ಲ. ಮೂಲೆಗಳಿಗೆ ಮೊಳೆಯಿಲ್ಲ, ಬೆರಳಿಗೆ ಬೆರಳು ಹೆಣೆದ ಹಾಗೆ ಹಲಗೆಗೆ ಹಲಗೆ ಹೆಣೆದಿದ್ದ. ಮೇಣಕ್ಕೆ ಬೆಂಕಿ ಬೇಗ ಹತ್ತಿತು. ನೀಲಿ ಬಣ್ಣವೂ ಹಳದಿ ಬಣ್ಣವೂ ಗುಳ್ಳೆಯೆದ್ದು ಒಂದೇ ಕಪ್ಪಾದವು. ಜೇನು ಸುಟ್ಟ ವಾಸನೆ ಊರಿಗೆಲ್ಲ ಹೋಗಿರಬೇಕು. ರಸ್ತೆಯ ಬದಿಯಲ್ಲಿ ಮಾತೆವ್ಜ್ ಬಂದು, ಒಳಗೆ ಬಾರದೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಹೆಡ್ವಿಕಾ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. "ಬೆಂಕಿ ಆರಿದ ಮೇಲೆ ಜೇನುಮನೇನ ಕಾಸ್ಟಿಕ್ ಸೋಡಾ ಹಾಕಿ ತೊಳೀಬೇಕು," ಎಂದು ವ್ಯಾನು ಹತ್ತಿದಳು.

ಸಿರಿಲ್ ಗುಂಡಿಯ ಬದಿಯಿಂದ ಎದ್ದು ಜೇನುಮನೆಯ ಮುಂದೆ ಬಂದ. ಪಾವ್ಲಾ ಎರಡು ಹೆಜ್ಜೆ ಹಿಂದೆ ಬಂದಳು. ಅವನು ಅವಳನ್ನು ಕ್ಷಮಿಸಿದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಗೋಡೆಯಿದ್ದಲ್ಲಿ ಈಗ ಖಾಲಿ ಅಟ್ಟ. ಹಲಗೆಯ ಮೇಲೆ ಪೆಟ್ಟಿಗೆಗಳಿದ್ದ ಜಾಗ ಚೌಕ ಚೌಕವಾಗಿ ಬಿಳಿಚಿಕೊಂಡಿತ್ತು.

ಬೆಳಕು ಇನ್ನೂ ಚೂರು ಉಳಿದಿತ್ತು. ಲಿಂಡನ್ ಮರದ ಕಡೆಯಿಂದ ಒಂದು ಹುಳ ತಡವಾಗಿ ಬಂತು. ಅಟ್ಟದ ಮುಂದೆ ಎಡಕ್ಕೆ ಬಲಕ್ಕೆ ತೇಲಾಡಿ, ಹಿಂದಕ್ಕೆ ಹೋಗಿ, ಮತ್ತೆ ಬಂದು, ಕೆಳಗಿನ ಸಾಲಲ್ಲಿ ಏಳನೆಯ ಪೆಟ್ಟಿಗೆಯಿದ್ದಲ್ಲಿ ಇಳಿಯಿತು. ಹಿಂಗಾಲಿನ ತುಂಬ ಪರಾಗ. ಬಾಗಿಲಿದ್ದ ಜಾಗದವರೆಗೆ ನಡೆದು ನಿಂತಿತು.

ಸಿರಿಲ್ ಮಸಿ ಹಿಡಿದ ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡ. ಬಗ್ಗುವುದಿಲ್ಲ ಎಂದ ಮಂಡಿಯನ್ನೇ ಬಗ್ಗಿಸಿ ಹಲಗೆಗೆ ಮುಖ ಸಮ ಮಾಡಿ ಕೂತ. ಹುಳದ ಪಕ್ಕದಲ್ಲಿ, ಅದು ಬೆದರದ ಹಾಗೆ, ಉಗುರಿನಿಂದ ಮೂರು ಸಲ ತಟ್ಟಿದ.

"ಟಿಲ್ಕಾ ತೀರ್ಕೊಂಡ್ಲು," ಎಂದ. "ಬಿಟ್ಟು ಹೋಗ್ಬೇಡ."

ಹುಳ ಪರಾಗದ ಕಾಲುಗಳನ್ನು ಒಂದಕ್ಕೊಂದು ತಿಕ್ಕಿತು. ಪಾವ್ಲಾ ಹತ್ತಿರ ಬಂದು ಅವನ ಪಕ್ಕದಲ್ಲಿ ಕೂತಳು. ಗುಂಡಿಯ ಬೆಂಕಿ ಇಳಿಯುತ್ತಿತ್ತು. ಹುಳ ಖಾಲಿ ಹಲಗೆಯ ಮೇಲೆ ಒಳಗೆ ಹೋಗುವ ದಾರಿ ಹುಡುಕುತ್ತ ಬಿಳಿ ಚೌಕದ ಅಂಚಿನ ಉದ್ದಕ್ಕೂ ನಡೆಯುತ್ತಿತ್ತು.